ಬಕೆಟ್ ಅಂಟಲಿಲ್ಲ, ಬೆರಳು ಅಂಟಿತು

ಅಮ್ಮನ ಬಚ್ಚಲುಮನೆಯ ನೀಲಿ ಬಕೆಟ್ ಸೀಳಿ ಒಂದು ವಾರವಾಗಿತ್ತು. ತುಂಡಾಗಿರಲಿಲ್ಲ. ತಳ ಮತ್ತು ಗೋಡೆ ಸೇರುವ ಕಡೆ ಆರು ಇಂಚಿನ ಬಿರುಕು, ಅಷ್ಟೇ. ಆದರೆ ಹಂಡೆಯಿಂದ ಬಿಸಿನೀರು ತೋಡಿ ಹಾಕಿ, ತಣ್ಣೀರು ಬೆರೆಸುವಷ್ಟರಲ್ಲಿ ಕಾಲುಭಾಗ ನೆಲ ಸೇರುತ್ತಿತ್ತು. ಹೊಸದು ತಂದರೆ ಮುಗಿಯಿತು ಅಲ್ವಾ? ಮುಗಿಯುತ್ತಿತ್ತು. ಆದರೆ ಜೂನ್ ತಿಂಗಳು, ನಮ್ಮೂರು ಸಾಗರದ ಮಳೆ, ಹೊರಗೆ ಕಾಲಿಡುವ ಹಾಗಿಲ್ಲ. ಪೀಣ್ಯದಲ್ಲಿ ನಾನು ಕೆಲಸ ಮಾಡುವ ಟೂಲ್‌ರೂಮಿಗೆ (ಅಚ್ಚು, ಉಪಕರಣ ತಯಾರಿಸುವ ವರ್ಕ್‌ಶಾಪ್) ವಾಪಸ್ ಹೋಗಲು ನನಗಿನ್ನೂ ಹತ್ತು ದಿನ ರಜೆ. ಕಪಾಟಿನಲ್ಲಿ ಸೂಪರ್ ಗ್ಲೂನ ಒಂದು ಪುಟ್ಟ ಟ್ಯೂಬೂ ಸಿಕ್ಕಿತು. "ಹತ್ತು ನಿಮಿಷ ಇರಮ್ಮ, ಸರಿ ಮಾಡ್ತೀನಿ" ಅಂದೆ.

ರಜೆ ಪೂರ್ತಿ ಅದರಲ್ಲೇ ಹೋಯಿತು.

ಶನಿವಾರ

ಬಕೆಟ್ ಬೋರಲು ಹಾಕಿ, ಬಟ್ಟೆಯಲ್ಲಿ ಒರೆಸಿ, ಒಲೆಯ ಬೆಚ್ಚಗೆಯಲ್ಲಿ ಒಣಗಿಸಿದೆ. ಬಿರುಕಿನ ಉದ್ದಕ್ಕೂ ಗ್ಲೂ ಎಳೆದು ಅಂಚುಗಳನ್ನು ಒತ್ತಿ ಹಿಡಿದೆ. ಮೂವತ್ತು ಎಣಿಸಿದೆ. ಕೈ ತೆಗೆಯೋಣ ಅಂದರೆ ಹೆಬ್ಬೆರಳು, ತೋರುಬೆರಳು ಎರಡೂ ಒಂದಾಗಿವೆ!

"ಬಕೆಟ್‌ಗೆ ಹಚ್ಚೋದು ಬಿಟ್ಟು ಕೈಗೆ ಹಚ್ಕೊಂಡ್ಯೇನೇ ಮಾರಾಯ್ತಿ" ಅಂತ ನಗುತ್ತಾ ಅಮ್ಮ ತೆಂಗಿನೆಣ್ಣೆ ತಂದಳು. ಹಲಸಿನ ಮೇಣ ಮೆತ್ತಿಕೊಂಡರೆ ನಮ್ಮಲ್ಲಿ ಎಣ್ಣೆಯೇ ಮದ್ದು. ಈ ಅಂಟು ಅದಕ್ಕೆ ಜಗ್ಗಲಿಲ್ಲ. ಬಿಸಿ ಸೋಪುನೀರಿನಲ್ಲಿ ಕೈ ಇಟ್ಟುಕೊಂಡು ಕೂತೆ. ಆಮೇಲೆ ಪೆನ್ಸಿಲ್ ಉರುಳಿಸಿದ ಹಾಗೆ ಒಂದು ಬೆರಳನ್ನು ಇನ್ನೊಂದರ ಮೇಲೆ ನಿಧಾನ ಉರುಳಿಸಿ ಬಿಡಿಸಿಕೊಂಡೆ. ಜಗ್ಗಿ ಎಳೆಯಲು ಹೋಗಬೇಡಿ, ಚರ್ಮವೇ ಕಿತ್ತು ಬರುತ್ತದೆ.

ಮಾರನೇ ಬೆಳಿಗ್ಗೆ ಬಕೆಟ್ ಗೋಡೆಯನ್ನು ಸ್ವಲ್ಪ ಬಗ್ಗಿಸಿದೆ. ಟಕ್ ಅಂತ ಸದ್ದಾಗಿ ಗ್ಲೂ ಒಂದೇ ಪಟ್ಟಿಯಾಗಿ ಎದ್ದು ಬಂತು.

ಆ ಪಟ್ಟಿಯನ್ನು ಕಿಟಕಿ ಹತ್ತಿರ ತಂದು ನೋಡಿದೆ. ಹಾವಿನ ಪೊರೆಯಷ್ಟು ತೆಳು. ಬೆರಳು ತಾಗಿದ ಕಡೆ ನನ್ನ ಚರ್ಮದ ಚೂರುಗಳು, ಬೆರಳಚ್ಚಿನ ಗೆರೆಗಳು. ಬಕೆಟ್ ಕಡೆಯ ಮುಖ ಮಾತ್ರ ಕನ್ನಡಿಯ ಹಾಗೆ ನುಣುಪು. ಒಂದು ಚೂರೂ ನೀಲಿ ಹತ್ತಿಲ್ಲ. ಏನಾದರೂ ಮುರಿದು ಬಂದರೆ ಮೊದಲು ಮುರಿದ ಮುಖ ನೋಡುವುದು ನಮ್ಮ ಟೂಲ್‌ರೂಮಿನ ಅಭ್ಯಾಸ. ಅಂಟು ಒಳಗೊಳಗೇ ಹರಿದಿದ್ದರೆ ಎರಡೂ ಕಡೆ ಅಂಟು ಉಳಿಯುತ್ತದೆ. ಆಗ ಬೇರೆ ಅಂಟು ತರಬೇಕು. ಇಲ್ಲಿ ಅಂಟು ಗಟ್ಟಿಯಾಗೇ ಇದೆ. ಬಕೆಟ್ಟನ್ನು ಅದು ಹಿಡಿದುಕೊಂಡೇ ಇರಲಿಲ್ಲ.

ಭಾನುವಾರ

ಬೆರಳನ್ನು ಹಿಡಿದ ಅಂಟು ಬಕೆಟ್ಟನ್ನು ಯಾಕೆ ಹಿಡಿಯಲಿಲ್ಲ? ಇದಕ್ಕೆ ಅರ್ಧ ಉತ್ತರ ತೇವ. ಸೂಪರ್ ಗ್ಲೂ ಬಣ್ಣದ ಹಾಗೆ ಗಾಳಿಗೆ ಒಣಗಿ ಗಟ್ಟಿಯಾಗುವುದಿಲ್ಲ. ಮೇಲ್ಮೈಯಲ್ಲಿರುವ ತೇವ ತಾಗಿದರೆ ಅದು ಗಟ್ಟಿಯಾಗಲು ಶುರು. ಬೆರಳಲ್ಲಿ ಯಾವಾಗಲೂ ತೇವ ಇರುತ್ತದೆ, ಜೂನ್ ತಿಂಗಳ ಮಲೆನಾಡಿನಲ್ಲಂತೂ ಕೇಳುವುದೇ ಬೇಡ. ಉಳಿದರ್ಧ ಉತ್ತರಕ್ಕೆ ಡಿಪ್ಲೊಮಾ ದಿನಗಳ ಮೆಟ್ರಾಲಜಿ ಲ್ಯಾಬ್, ಅಂದರೆ ಅಳತೆ ಕಲಿಸುವ ಲ್ಯಾಬ್, ನೆನಪಾಯಿತು.

ಅಲ್ಲಿ ಸ್ಲಿಪ್ ಗೇಜ್ ಅಂತ ಉಕ್ಕಿನ ಪುಟ್ಟ ಇಟ್ಟಿಗೆಗಳಿದ್ದವು. ಸ್ವೀಡನ್ನಿನ ಕಾರ್ಲ್ ಎಡ್ವರ್ಡ್ ಯೋಹಾನ್ಸನ್ 1896ರಲ್ಲಿ ರೂಪಿಸಿದ ಅಳತೆಯ ಗಟ್ಟಿಗಳು. ಎರಡನ್ನು ಒರೆಸಿ, ಒಂದರ ಮೇಲೊಂದು ಅಡ್ಡ ಇಟ್ಟು, ಒತ್ತಿ ತಿರುಗಿಸಿ ಜಾರಿಸಿದರೆ ಸಾಕು. ಗೋಂದಿಲ್ಲ, ಆಯಸ್ಕಾಂತವಿಲ್ಲ, ಆದರೂ ಕಚ್ಚಿಕೊಳ್ಳುತ್ತವೆ. ಎಳೆದರೆ ಬರುವುದಿಲ್ಲ, ಜಾರಿಸಿದರೆ ಬರುತ್ತವೆ. ಕಣ್ಣಿಗೆ ಕಾಣದಷ್ಟು ತೆಳುವಾದ ಎಣ್ಣೆ ಅಥವಾ ತೇವದ ಪದರಕ್ಕೂ ಇದರಲ್ಲಿ ಪಾಲಿದೆ. ಇನ್ನೊಂದು ಪಾಲು ಅಣುಗಳ ನಡುವಿನ ಸೆಳೆತದ್ದು. ಡಚ್ ವಿಜ್ಞಾನಿ ವಾನ್ ಡರ್ ವಾಲ್ಸ್ ಹೆಸರಿನಲ್ಲಿ ಕರೆಯುತ್ತಾರಲ್ಲ, ಆ ಸೆಳೆತ. ಎಲ್ಲ ವಸ್ತುವಿಗೂ ಎಲ್ಲ ವಸ್ತುವಿನ ಮೇಲೆ ಅದು ಇದ್ದೇ ಇದೆ.

ಹಾಗಾದರೆ ಊಟದ ತಟ್ಟೆ ಮೇಜಿಗೆ ಯಾಕೆ ಅಂಟಿಕೊಳ್ಳುವುದಿಲ್ಲ? ಆ ಸೆಳೆತ ಕೆಲವೇ ನ್ಯಾನೊಮೀಟರ್ ದೂರದವರೆಗೆ ಮಾತ್ರ. ತಲೆಗೂದಲಿನ ದಪ್ಪವೇ 50 ಸಾವಿರದಿಂದ 1 ಲಕ್ಷ ನ್ಯಾನೊಮೀಟರ್ ಅಂದರೆ ಲೆಕ್ಕ ಹಾಕಿ. ನಮ್ಮ ಕಣ್ಣಿಗೆ ನುಣುಪಾಗಿ ಕಾಣುವ ತಟ್ಟೆ ಆ ಅಳತೆಯಲ್ಲಿ ಬರೀ ಗುಡ್ಡ, ಕಣಿವೆ. ಎರಡು ತುರಿಯುವ ಮಣೆಗಳನ್ನು ಎದುರುಬದುರು ಒತ್ತಿದ ಹಾಗೆ. ಹಲ್ಲಿಗೆ ಹಲ್ಲು ತಾಗುತ್ತದೆ, ಉಳಿದ ಕಡೆಯೆಲ್ಲ ಗಾಳಿ. ನಿಜವಾಗಿ ಮುಟ್ಟಿರುವ ಜಾಗ ಇಷ್ಟೇ ಇಷ್ಟು.

ಅಂಟಿನ ಕೆಲಸ ಏನು ಅಂತ ಆಗ ನೆಟ್ಟಗೆ ತಲೆಗೆ ಹೋಯಿತು. ಮೊದಲು ನೀರಾಗಿ ಹರಿದು ಎಲ್ಲ ಕಣಿವೆ ತುಂಬಬೇಕು. ಆಮೇಲೆ ಅಲ್ಲೇ ಗಟ್ಟಿಯಾಗಬೇಕು. ಅಂಟು ಎಷ್ಟೇ ಬಲವಾಗಿರಲಿ, ಮೇಲ್ಮೈ ಮೇಲೆ ಹರಡದಿದ್ದರೆ ಕೆಲಸ ಕೆಟ್ಟಿತು.

(ಇದನ್ನು ಯೋಚಿಸುವಾಗ ಗೋಡೆ ಮೇಲೆ ಹಲ್ಲಿ ಲೊಚಗುಟ್ಟಿತು. ಅದರ ಕಾಲಲ್ಲಿ ಅಂಟೇ ಇಲ್ಲ. ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣ ಕವಲುಗಳು ಪಾದದ ತುಂಬ, ಅವು ಕಣಿವೆಗಳಿಗೂ ಇಳಿದು ಮುಟ್ಟುತ್ತವೆ. ಟೊಕೆ ಎಂಬ ದೊಡ್ಡ ಹಲ್ಲಿಯ ಮೇಲೆ ಪ್ರಯೋಗ ಮಾಡಿ, ಅದು ಹಿಡಿಯುವುದೂ ಇದೇ ವಾನ್ ಡರ್ ವಾಲ್ಸ್ ಸೆಳೆತದಿಂದ ಅಂತ 2002ರಲ್ಲಿ ತೋರಿಸಿದರು. ನಾನ್‌ಸ್ಟಿಕ್ ಬಾಣಲೆಗೆ ಬಳಿಯುವ ಟೆಫ್ಲಾನ್ ಒಣಗಿದ್ದರೆ ಅದರ ಮೇಲೆ ಮಾತ್ರ ಅದೂ ಜಾರುತ್ತದೆ.)

ಹರಡುತ್ತದೋ ಇಲ್ಲವೋ ನೋಡಲು ಯಾವ ಯಂತ್ರವೂ ಬೇಡ, ಒಂದು ಹನಿ ನೀರು ಸಾಕು. ಸಬೀನದಲ್ಲಿ ಉಜ್ಜಿ ತೊಳೆದ ಗಾಜಿನ ಲೋಟದ ಮೇಲೆ ಹನಿ ಬಿಟ್ಟೆ. ಚಪ್ಪಟೆಯಾಗಿ ಹರಡಿಕೊಂಡಿತು. ಸ್ಟೀಲ್ ತಟ್ಟೆಯ ಮೇಲೂ ಸುಮಾರು ಹಾಗೇ. ಅದೇ ತಟ್ಟೆಗೆ ಎಣ್ಣೆ ಬೆರಳು ಸವರಿ ಇನ್ನೊಂದು ಹನಿ ಹಾಕಿದೆ. ಹನಿ ಮೈ ಮುದುರಿಕೊಂಡು ಕೂತಿತು. ಬಕೆಟ್ ಮೇಲೆ ಹಾಕಿದೆ. ಕೆಸುವಿನ ಎಲೆಯ ಮೇಲಿನಷ್ಟು ದುಂಡಗೆ ಅಲ್ಲ, ಆದರೆ ಅರ್ಧ ಗೋಲಿಯ ಹಾಗೆ ಉಬ್ಬಿ ನಿಂತಿತು. ಬಕೆಟ್ ವಾಲಿಸಿದರೆ ಹಿಂದೆ ಗುರುತೂ ಬಿಡದೆ ಜಾರಿ ಹೋಯಿತು. ಸೋಪು ಹಾಕಿ ಮೂರು ಸಲ ತೊಳೆದು ಮತ್ತೆ ನೋಡಿದೆ. ಅದೇ ಕಥೆ.

ಇದರ ಹಿಂದಿನ ಲೆಕ್ಕ ಹೀಗೆ. ನೀರಿನ ಮೇಲ್ಮೈ ಎಳೆತ ಮೀಟರ್‌ಗೆ ಸುಮಾರು 72 ಮಿಲಿನ್ಯೂಟನ್. ಅಂದರೆ ನೀರಿಗೆ ತನ್ನನ್ನು ತಾನೇ ತಬ್ಬಿಕೊಳ್ಳುವ ಆಸೆ ಜಾಸ್ತಿ. ಅದನ್ನು ಬಿಡಿಸಿ ಹರಡಿಸಬೇಕಾದರೆ ಕೆಳಗಿನ ಮೇಲ್ಮೈ ಅದಕ್ಕಿಂತ ಜೋರಾಗಿ ಎಳೆಯಬೇಕು. ಶುದ್ಧವಾದ ಗಾಜು, ಲೋಹ ಹಾಗೆ ಎಳೆಯುತ್ತವೆ. ಬಕೆಟ್ ಮಾಡುವ ಪಾಲಿಪ್ರೊಪಿಲೀನ್, ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್‌ಗಳ ಎಳೆಯುವ ಶಕ್ತಿ ಅದೇ ಅಳತೆಯಲ್ಲಿ 30ರ ಆಸುಪಾಸು. ಟೆಫ್ಲಾನ್‌ದು ಇನ್ನೂ ಕಡಿಮೆ, 20ರ ಹತ್ತಿರ. ಎಪಾಕ್ಸಿ ಅಂಟಿನ ಮೇಲ್ಮೈ ಎಳೆತ 40ರ ಮೇಲೆ. ಹಾಗಾಗಿ ಬಕೆಟ್ ಮೇಲೆ ಅದೂ ಮೈ ಮುದುರಿಕೊಳ್ಳುವ ಗಿರಾಕಿಯೇ.

ಹಲಸಿನಹಣ್ಣು ಬಿಡಿಸುವ ಮುಂಚೆ ಕೈಗೆ, ಕತ್ತಿಗೆ ಎಣ್ಣೆ ಸವರಿಕೊಳ್ಳುತ್ತೀವಲ್ಲ, ಅದೂ ಇದೇ. ಮೇಣಕ್ಕೆ ಚರ್ಮ ಸಿಗಬಾರದು, ಎಣ್ಣೆ ಮಾತ್ರ ಸಿಗಬೇಕು. ಎಣ್ಣೆ, ಮೇಣದಬತ್ತಿ, ಬಕೆಟ್ ಎಲ್ಲ ಒಂದೇ ಮನೆತನ. ಇಂಗಾಲ, ಜಲಜನಕಗಳ ಸರಪಳಿ. ಮೇಣದಬತ್ತಿಯಲ್ಲಿ ಗಿಡ್ಡ, ಬಕೆಟ್ಟಿನಲ್ಲಿ ಸಿಕ್ಕಾಪಟ್ಟೆ ಉದ್ದ. ನಮ್ಮ ಕೈಯ ಎಣ್ಣೆ ತೊಳೆದರೆ ಹೋಗುತ್ತದೆ. ಬಕೆಟ್ಟಿಗೆ ಮೂಳೆಯವರೆಗೂ ಎಣ್ಣೆಯೇ. ಎಷ್ಟು ತೊಳೆದರೂ ಕೆಳಗೆ ಮತ್ತೆ ಅದೇ ಸಿಗುತ್ತದೆ. ಸೂಪರ್ ಗ್ಲೂ ಬಾಟಲಿಯನ್ನು ಪಾಲಿಎಥಿಲೀನ್‌ನಲ್ಲಿ ಮಾಡುವುದು ಸುಮ್ನೆ ಅಲ್ಲ!

ಸೋಮವಾರದಿಂದ ಬುಧವಾರ

ಇಷ್ಟು ತಿಳಿದ ಮೇಲೂ ಎಪಾಕ್ಸಿಗೆ ದುಡ್ಡು ಹಾಕಿದೆ. ಹಟ. ಎರಡು ಟ್ಯೂಬ್ ಸಮ ಕಲಸುವ ನಮೂನೆಯದು. 120 ನಂಬರಿನ ಸ್ಯಾಂಡ್ ಪೇಪರಿನಲ್ಲಿ ಬಿರುಕಿನ ಸುತ್ತ ಎರಡು ಬೆರಳಗಲ ಉಜ್ಜಿ, ಒಳಗಿನಿಂದ ಎಪಾಕ್ಸಿ ಬಳಿದು, ಇಡೀ ದಿನ ಬಿಟ್ಟೆ. ಉಜ್ಜಿದ್ದರಿಂದ ಲಾಭ ಇಲ್ಲದಿಲ್ಲ. ಗೀರುಗಳಲ್ಲಿ ಅಂಟು ಇಳಿದು ಉಗುರು ಹಾಕಿದ ಹಾಗೆ ಕಚ್ಚುತ್ತದೆ. ತಣ್ಣೀರು ತುಂಬಿಸಿ ಇಟ್ಟೆ, ಒಂದು ತೊಟ್ಟೂ ಸೋರಲಿಲ್ಲ. ಮುಖದಲ್ಲಿ ನಗು.

ಬುಧವಾರ ಬೆಳಿಗ್ಗೆ ಅಮ್ಮ ಬಿಸಿನೀರು ಹಾಕಿ ಎತ್ತಿದಳು. ಹದಿನೈದು ಲೀಟರ್ ಅಂದರೆ ಹದಿನೈದು ಕಿಲೋ. ಅಷ್ಟು ಭಾರಕ್ಕೆ ತಳ ಕೆಳಗೆ ಜಗ್ಗುತ್ತದೆ, ಗೋಡೆ ಹೊರಗೆ ಬಾಗುತ್ತದೆ. ಬಿಸಿಗೆ ಪ್ಲಾಸ್ಟಿಕ್ ಮೆತ್ತಗೂ ಆಗಿರುತ್ತದೆ. ಎಪಾಕ್ಸಿಗೆ ಬಾಗುವುದು ಗೊತ್ತಿಲ್ಲ. ಬಿರುಕಿನ ಬಲಗಡೆ ತುದಿಯಿಂದ ಶುರುವಾಗಿ ಜಿಪ್ ಎಳೆದ ಹಾಗೆ ಬಿಚ್ಚಿಕೊಂಡು ಬಂತು.

ಪಾರ್ಸೆಲ್ ಮೇಲಿನ ಟೇಪ್ ತೆಗೆಯುವಾಗ ನಾವು ಮಾಡುವುದೂ ಅದನ್ನೇ. ಟೇಪನ್ನು ಅದರ ಉದ್ದಕ್ಕೇ ಜಗ್ಗಿದರೆ ಅಲ್ಲಾಡುವುದಿಲ್ಲ, ಯಾಕೆಂದರೆ ಅಂಟಿದ ಜಾಗವೆಲ್ಲ ಸೇರಿ ತಡೆಯುತ್ತದೆ. ಮೂಲೆ ಎತ್ತಿ ಹಿಂದಕ್ಕೆ ಮಡಚಿ ಎಳೆದರೆ ಬಲವೆಲ್ಲ ಒಂದೇ ಗೆರೆಯ ಮೇಲೆ ಬೀಳುತ್ತದೆ. ಆ ಗೆರೆ ಸೋತರೆ ಪಕ್ಕದ್ದು, ಅದು ಸೋತರೆ ಅದರ ಪಕ್ಕದ್ದು. ನನ್ನ ಬಿರುಕು ಇದ್ದದ್ದೇ ಬಕೆಟ್ ಜಾಸ್ತಿ ಬಾಗುವ ಜಾಗದಲ್ಲಿ. ತಳದ ನಡುವೆ ಒಂದು ತೂತು ಆಗಿದ್ದರೆ ಎಪಾಕ್ಸಿ ಇನ್ನಷ್ಟು ದಿನ ನಿಲ್ಲುತ್ತಿತ್ತೇನೋ.

"ಮೈ ಹದ ಆಗದೆ ಯಾವುದೂ ಕೂರಲ್ಲ. ಕಲಾಯಿ ಹಾಕೋರು ಬಂದಾಗ ನೀನು ಅಲ್ಲೇ ಕೂತು ನೋಡ್ತಿದ್ದೆ, ಮರೆತ್ಯಾ?" ಅಂದಳು ಅಮ್ಮ. ಎಲ್ಲಿ ಮರೆಯಲಿ. ಅಂಗಳದಲ್ಲಿ ಗುಂಡಿ ತೋಡಿ, ತಿದಿ ಒತ್ತಿ, ಹಿತ್ತಾಳೆ ಪಾತ್ರೆ ಕಾಯಿಸುತ್ತಿದ್ದರು. ಹತ್ತಿಯನ್ನು ನವಸಾಗರದಲ್ಲಿ ಅದ್ದಿ ಉಜ್ಜಿದರೆ ಬಿಳಿ ಹೊಗೆ, ಮೂಗಿಗೆ ಘಾಟು. ಆಮೇಲೆ ತವರದ ಕಡ್ಡಿ ಮುಟ್ಟಿಸಿ ಒರೆಸಿದ್ದೇ ತಡ, ಬೆಳ್ಳಿ ನೀರಿನ ಹಾಗೆ ಸರ್ರನೆ ಹರಡುತ್ತಿತ್ತು. ಲೋಹದ ಮೇಲಿನ ಕಿಲುಬಿನ ಪದರವನ್ನು ನವಸಾಗರ ತೆಗೆಯುತ್ತದೆ, ಅದಕ್ಕೇ ತವರ ಹರಡುತ್ತದೆ. ಉಜ್ಜದೆ ಹಾಕಿದರೆ ತವರವೂ ಗುಂಡುಗುಂಡಾಗಿ ಉರುಳುತ್ತದೆ.

ಬಕೆಟ್ಟಿಗೆ ನವಸಾಗರ ಯಾವುದು?

ಗುರುವಾರ

ಬೆಂಕಿ. ಹಾಲಿನ ಪ್ಯಾಕೆಟ್ ನೋಡಿ. ಅದೂ ಪಾಲಿಎಥಿಲೀನೇ, ಆದರೂ ಮೇಲಿನ ಬಣ್ಣ ಉಜ್ಜಿದರೆ ಹೋಗುವುದಿಲ್ಲ. ಅಚ್ಚು ಹಾಕುವ ಮುಂಚೆ ಅಂಥ ಹಾಳೆಯ ಮೇಲೆ ಕರೆಂಟಿನ ಕಿಡಿಗಳ ಪರದೆ ಹಾಯಿಸುತ್ತಾರೆ. ದಪ್ಪ ಪ್ಲಾಸ್ಟಿಕ್ ಆದರೆ ನೀಲಿ ಜ್ವಾಲೆ ಸವರುತ್ತಾರೆ. ಮೇಲಿನ ತೆಳು ಪದರದ ಸರಪಳಿಗಳಿಗೆ ಆಮ್ಲಜನಕ ಹತ್ತಿಕೊಳ್ಳುತ್ತದೆ. ಅಲ್ಲಿಗೆ ಎಣ್ಣೆಮೈ ಹೋಗಿ ನೀರು ಹಿಡಿಯುವ ಮೈ ಬರುತ್ತದೆ.

ಹೋಟೆಲಿನ ಪಾರ್ಸೆಲ್ ಡಬ್ಬದ ಮುಚ್ಚಳ ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ಗ್ಯಾಸ್ ಒಲೆಯ ನೀಲಿ ಜ್ವಾಲೆಯ ತುದಿಯಲ್ಲಿ ಬೀಸಿದೆ. ಮೊದಲನೆಯದು ಹಪ್ಪಳದ ಹಾಗೆ ಸುರುಟಿತು. ಎರಡನೆಯದೂ ಹಾಗೇ. ಬೆಂಕಿಯಲ್ಲಿ ನಿಲ್ಲಿಸಬಾರದು, ದೀಪದ ಮೇಲೆ ಬೆರಳು ಹಾಯಿಸಿದಷ್ಟು ಬೇಗ ಹಾಯಿಸಬೇಕು. ಐದನೇ ಚೂರಿನ ಮೇಲೆ ಹನಿ ಹಾಕಿದೆ. ಬೆಂಕಿ ಕಾಣದ ಅರ್ಧದಲ್ಲಿ ಹನಿ ಉಬ್ಬಿ ನಿಂತಿತ್ತು. ಬೆಂಕಿ ಕಂಡ ಅರ್ಧದಲ್ಲಿ ಚಪ್ಪಟೆಯಾಗಿ ಒದ್ದೆ ಮಚ್ಚೆಯಾಯಿತು. ಕಣ್ಣಿಗೆ ಎರಡೂ ಅರ್ಧ ಒಂದೇ ಥರ! ಈ ಹತ್ತು ದಿನದಲ್ಲಿ ನನಗೆ ಹೆಚ್ಚು ಖುಷಿ ಕೊಟ್ಟ ಗಳಿಗೆ ಇದು. ಅಮ್ಮನನ್ನು ಕರೆದು ತೋರಿಸಿದೆ. "ಚಂದ ಇದೆ. ಬಕೆಟ್ ಯಾವಾಗ?" ಅಂದಳು.

ಅಂಥ ಎರಡು ಚೂರುಗಳನ್ನು ಎಪಾಕ್ಸಿಯಲ್ಲಿ ಅಂಟಿಸಿ ಮಾರನೇ ದಿನ ಜಗ್ಗಿದೆ. ಕೈಯಲ್ಲಿ ಬಿಡಿಸಲು ಆಗಲಿಲ್ಲ. ಆದರೆ ಮೂಲೆ ಹಿಡಿದು ಬಗ್ಗಿಸಿದರೆ ಎಪಾಕ್ಸಿ ಚಟಚಟ ಮುರಿಯಿತು. ಹಿಡಿತ ಸರಿಹೋಗಿದೆ, ಬಾಗುವ ತೊಂದರೆ ಹಾಗೇ ಇದೆ. ಇಂಥ ಪ್ಲಾಸ್ಟಿಕ್ಕಿಗೇ ಅಂತ ಪ್ರೈಮರ್ ಪೆನ್ ಜೊತೆ ಬರುವ ಅಂಟೂ ಇದೆ. ಬರೀ ಬಕೆಟ್ಟಿಗೆ ಅಷ್ಟು ಖರ್ಚು ಯಾಕೆ ಅನ್ನಿಸಿ ಬಿಟ್ಟೆ.

ಶುಕ್ರವಾರ, ಶನಿವಾರ

ದಾರಿ ತೋರಿಸಿದ್ದು ಮತ್ತೆ ಅಮ್ಮನೇ. "ನಾವು ಚಿಕ್ಕೋರಿದ್ದಾಗ ಪ್ಲಾಸ್ಟಿಕ್ ಕೊಡ ರಿಪೇರಿಯೋನು ಬರ್ತಿದ್ದ. ಕೆಂಡದಲ್ಲಿ ಕಡ್ಡಿ ಕಾಯಿಸಿ, ಹಳೇ ಕೊಡದ ಚೂರು ಇಟ್ಟು ಸವರಿ ಕೊಡೋನು. ಅಂಟುಗಿಂಟು ಏನೂ ಇಲ್ಲಪ್ಪ."

ಬೆಸುಗೆ! ಮೇಲ್ಮೈ ಹಿಡಿಯುತ್ತಿಲ್ಲ ಅಂದರೆ ಮೇಲ್ಮೈಯನ್ನೇ ಕರಗಿಸಿಬಿಟ್ಟರಾಯಿತು. ಕೇರಿಯ ಎಲೆಕ್ಟ್ರಿಷಿಯನ್ ಹತ್ತಿರ ತಂತಿ ಬೆಸೆಯುವ 25 ವಾಟಿನ ಸೋಲ್ಡರಿಂಗ್ ಐರನ್ ತಂದೆ. ತುಂಬಲು ಅದೇ ನೀಲಿಯ ಶಾಂಪೂ ಬಾಟಲಿ ಸಿಕ್ಕಿತು, ಬಣ್ಣ ಹೊಂದುತ್ತದೆ ಅಂತ ಕತ್ತರಿಸಿ ಪಟ್ಟಿ ಮಾಡಿದೆ. ಅದನ್ನು ಕರಗಿಸಿ ಬಿರುಕಿನೊಳಗೆ ತುಂಬಿದೆ. ನೋಡಲು ಅಂಗಡಿಯ ಕೆಲಸದ ಹಾಗಿತ್ತು. ತಣ್ಣಗಾದ ಮೇಲೆ ಉಗುರು ಹಾಕಿದೆ. ಗಾಯದ ಹಕ್ಕಳೆಯ ಹಾಗೆ ಪೂರ್ತಿ ಎದ್ದು ಬಂತು.

ಬಕೆಟ್ ಮಗುಚಿ ತಳ ನೋಡಿದೆ. ಪ್ಲಾಸ್ಟಿಕ್ ಯಾವ ಜಾತಿಯದು ಅಂತ ಹೇಳುವ ತ್ರಿಕೋನದೊಳಗೆ 5. ಪಾಲಿಪ್ರೊಪಿಲೀನ್. ಶಾಂಪೂ ಬಾಟಲಿಯ ತಳದಲ್ಲಿ 2, ಗಟ್ಟಿ ಪಾಲಿಎಥಿಲೀನ್. ಇದನ್ನು ಮೊದಲೇ ನೋಡಬೇಕಿತ್ತು. ಒಂದೇ ಮನೆತನ ಅಂದೆನಲ್ಲ, ಆದರೆ ಕರಗಿದಾಗ ಎರಡೂ ಬೆರೆಯುವುದಿಲ್ಲ, ನೀರು ಎಣ್ಣೆಯ ಹಾಗೆ ಬೇರೆ ಬೇರೆಯೇ ಉಳಿಯುತ್ತವೆ. ಬೆಸುಗೆ ನಿಲ್ಲುವುದು ಹೇಗೆ ಅಂದರೆ, ಬಿಸಿಬಿಸಿ ಒತ್ತುಶಾವಿಗೆಯ ಎರಡು ಮುದ್ದೆ ಒತ್ತಿ ಹಿಡಿದ ಹಾಗೆ. ಈಚೆಯ ಎಳೆ ಆಚೆಗೆ, ಆಚೆಯ ಎಳೆ ಈಚೆಗೆ ನುಗ್ಗಿ ತೊಡಕಿಕೊಳ್ಳಬೇಕು. ಆಮೇಲೆ ಗಡಿ ಎಲ್ಲಿತ್ತು ಅಂತಲೇ ತಿಳಿಯಬಾರದು. 2 ಮತ್ತು 5ರ ನಡುವೆ ಗಡಿ ಉಳಿದೇ ಉಳಿಯುತ್ತದೆ.

ಪಾರ್ಸೆಲ್ ಡಬ್ಬ ತಿರುಗಿಸಿದೆ. 5. ಅಡುಗೆಮನೆಯಲ್ಲಿ ಅಂಥವು ಒಂದು ರಾಶಿ, ಅಮ್ಮ ಯಾವುದನ್ನೂ ಬಿಸಾಡುವವಳಲ್ಲ.

ಈ ಸಲ ಮಾಡಿದ ಕ್ರಮ ಬರೆದಿಡುತ್ತೇನೆ, ಯಾರಿಗಾದರೂ ಬೇಕಾದೀತು. ಬಿರುಕಿನ ಎರಡೂ ತುದಿಗೆ 3 ಮಿಲಿಮೀಟರ್ ತೂತು ಕೊರೆದೆ. ಬಿರುಕಿನ ಚೂಪು ತುದಿಯಲ್ಲೇ ಬಲ ಗುಂಪುಗೂಡುವುದು. ಅದನ್ನು ದುಂಡಗೆ ಮಾಡಿದರೆ ಬಿರುಕು ಮುಂದೆ ಓಡುವುದಿಲ್ಲ. ಬಿರುಕಿನ ಉದ್ದಕ್ಕೂ ಹೊರಗಿನಿಂದ ಚಾಕುವಿನಲ್ಲಿ ವಿ ಆಕಾರದ ಕಾಲುವೆ ಕೆರೆದೆ. ಐರನ್ ತುದಿಯಿಂದ ಮೊದಲು ಬಕೆಟ್ಟಿನ ಎರಡೂ ದಂಡೆಯನ್ನು ಕರಗಿಸಿ, ಅದು ಮೆತ್ತಗಿರುವಾಗಲೇ ಡಬ್ಬದ ಪಟ್ಟಿಯನ್ನು ತೂರಿಸಿ ಕಲಸಿದೆ. ಬರೀ ಮೇಲಿನಿಂದ ಸುರಿಯಬಾರದು, ಕಲಸಬೇಕು. ಒಂದು ಇಂಚಿಗೆ ಎರಡು ಮೂರು ನಿಮಿಷ ಹಿಡಿಯುತ್ತದೆ. ಪಾಲಿಪ್ರೊಪಿಲೀನ್ ಕರಗುವುದು 160 ಡಿಗ್ರಿ ಆಸುಪಾಸಿನಲ್ಲಿ, ಐರನ್ ತುದಿ ಅದಕ್ಕಿಂತ ಬಹಳ ಬಿಸಿ. ಹೊಗೆ ಬಂದರೆ ಪ್ಲಾಸ್ಟಿಕ್ ಸುಡುತ್ತಿದೆ ಅಂತ ಅರ್ಥ, ಕೈ ಬೇಗ ಆಡಿಸಬೇಕು. ಒಳಗಡೆಯಿಂದ ಸೊಳ್ಳೆ ಜಾಲರಿಯ ಸ್ಟೀಲ್ ತುಂಡೊಂದನ್ನು ಕಾಯಿಸಿ ಒತ್ತಿ ಮುಳುಗಿಸಿ, ಮೇಲೆ ಮತ್ತೆ ಪ್ಲಾಸ್ಟಿಕ್ ಸವರಿದೆ. ಕಿಟಕಿ ಬಾಗಿಲು ತೆರೆದಿರಲಿ. ತಳದಲ್ಲಿ 3 ಅಂತ ಇದ್ದರೆ ಅದು ಪಿವಿಸಿ, ಕಾಯಿಸಲೇಬೇಡಿ. ಅದರ ಹೊಗೆಯಲ್ಲಿ ಆಮ್ಲ ಇರುತ್ತದೆ.

ನೋಡಲು ಚಂದ ಇಲ್ಲ. ನೀಲಿ ಬಕೆಟ್ಟಿಗೆ ಬಿಳಿ ಕಂಬಳಿಹುಳ ಹತ್ತಿದ ಹಾಗಿದೆ.

ಭಾನುವಾರ

ಹಳೇ ಪೇಪರಿನ ಮೇಲೆ ಇಟ್ಟು ಐದು ಲೀಟರ್ ಹಾಕಿದೆ. ಗಂಟೆ ಬಿಟ್ಟು ನೋಡಿದರೆ ಒಂದು ಕಡೆ ರೂಪಾಯಿಯಷ್ಟಗಲ ಒದ್ದೆ. ಎಡಗಡೆ ತುದಿಯ ತೂತು ಸರಿಯಾಗಿ ತುಂಬಿರಲಿಲ್ಲ. ಒಣಗಿಸಿ, ಮತ್ತೆ ಕರಗಿಸಿ ತುಂಬಿದೆ. ಆಮೇಲೆ ಹತ್ತು ಲೀಟರ್, ಆಮೇಲೆ ಕಂಠಪೂರ್ತಿ. ಸೋರಲಿಲ್ಲ. ಬಿಸಿನೀರು ಹಾಕಿ ಎತ್ತಿ ಕುಕ್ಕಿದೆ, ಒಂದಲ್ಲ, ಹತ್ತು ಸಲ. ಬೆಸುಗೆಯ ಅಂಚಿಗೆ ಉಗುರು ಹಾಕಿದೆ, ಉಗುರೇ ಜಾರಿತು. ಅಂಚು ಅಂತ ಸಿಗಲೇ ಇಲ್ಲ.

ಸಂಜೆ ಬೆಂಗಳೂರು ಬಸ್ಸಿಗೆ ಬ್ಯಾಗ್ ತುಂಬುತ್ತಿದ್ದೆ. ಅಟ್ಟದ ಮೇಲಿಂದ ಅಮ್ಮ ಹಳೇ ಕೆಂಪು ಕೊಡ ಒಂದನ್ನು ಇಳಿಸಿಕೊಂಡು ಬಂದಳು. "ಇದೂ ಒಂಚೂರು ಸೋರತ್ತೆ. ಮುಂದಿನ ಸಲ ಬಂದಾಗ ನೋಡು."

ಮಗುಚಿ ತಳ ನೋಡಿದೆ. 2. ಶಾಂಪೂ ಬಾಟಲಿಯನ್ನು ಬಿಸಾಡಬೇಡ ಅಂತ ಹೇಳಿ ಹೊರಟೆ.